ಕೆಂಪು ಪೆನ್ಸಿಲ್ ಉಳಿಸಿದ ಸಾಲು

ಹೆಣ್ಣು ನೋಡಲು ಬಂದ ಗಂಡು ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದ.

ಶಿಕಾರಿಪುರದ ಗುರುಮಲ್ಲಪ್ಪನವರ ಪಡಸಾಲೆಯಲ್ಲಿ ಕೂತಿದ್ದವರೆಲ್ಲ ಬಾಯಲ್ಲಿದ್ದ ಉಪ್ಪಿಟ್ಟು ಅಗಿಯುವುದನ್ನೇ ಮರೆತರು.

ನಡೆದದ್ದು ಇಷ್ಟು. ಗಂಡು ಗಂಗಾಧರಪ್ಪ, ಸೊರಬದ ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಜೊತೆಗೆ ಬಂದಿದ್ದ ಅವನ ಸೋದರಮಾವನಿಗೆ ಹುಡುಗಿ ಹಾಡಿದ್ದು ಸಾಲಲಿಲ್ಲ, ಹಾಕಿದ ರಂಗೋಲಿಯೂ ಸಾಲಲಿಲ್ಲ.

"ಹುಡುಗಿ ಲೋವರ್ ಸೆಕೆಂಡರಿ ಪಾಸು ಅಂದ್ರಿ. ಒಂದು ಪ್ರಬಂಧ ಬರೀಲಿ, ನೋಡಾಣ. 'ಆದರ್ಶ ಗೃಹಿಣಿ' ಅಂತ" ಎಂದರು ಆ ಮಾವ.

ಗುರುಮಲ್ಲಪ್ಪನವರಿಗೆ ಬೇಕಾಗಿದ್ದೂ ಅದೇ. ಕಾಳು ಬೆಲ್ಲದ ಮಂಡಿ ಇಟ್ಟಿದ್ದ ಮನುಷ್ಯ. ತನ್ನ ಮಗಳು ಶಾಲೆಯಲ್ಲಿ ಪ್ರಬಂಧಕ್ಕೆ ಬಹುಮಾನ ತಂದವಳು ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿ ಹೇಳಿ ದಣಿಯದವರು.

"ಬರಿಯವ್ವಾ ರಾಜಿ, ತೋರಿಸು."

ರಾಜೇಶ್ವರಿ ಬರೆದಳು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಸಾಲುಗಟ್ಟಿ ಬಂತು. ಆದರ್ಶ ಗೃಹಿಣಿಯು ಸಂಸಾರದ ನಂದಾದೀಪ. ತ್ಯಾಗವೇ ಆಕೆಯ ಒಡವೆ. ಸಹನೆಯೇ ಆಕೆಯ ಸೀರೆ...

ಸೀರೆಯ ನಂತರ ಏನು ಬರೆಯುವುದೆಂದು ತೋಚದೆ ತಲೆ ಎತ್ತಿದಳು. ಅಡುಗೆಮನೆಯ ಬಾಗಿಲಿನಿಂದ ಅವ್ವ ಕಂಡರು. ಬಂದವರಿಗೆಲ್ಲ ಉಪ್ಪಿಟ್ಟು ಕೊಟ್ಟು ಮುಗಿಸಿದ್ದ ನಿರ್ಮಲಮ್ಮ ಒಲೆಯ ಪಕ್ಕ ನಿಂತು, ಬೆಳಗಿನ ರೊಟ್ಟಿಯ ಚೂರನ್ನು ಅವಸರವಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ರಾಜಿಯ ಕೈ ಯೋಚಿಸದೆ ಬರೆಯಿತು. 'ನಮ್ಮ ಅವ್ವ ಎಲ್ಲರ ಊಟವಾದ ಮೇಲೆ ಒಲೆಯ ಪಕ್ಕ ನಿಂತುಕೊಂಡೇ ಉಣ್ಣುತ್ತಾಳೆ.'

ಆಮೇಲೆ ಮತ್ತೆ ದೀಪ, ಮತ್ತೆ ತ್ಯಾಗ. ಒಂದು ಪುಟ ತುಂಬಿತು.

ಗಂಗಾಧರ ಆ ಹಾಳೆಯನ್ನು ಕೈಗೆ ತಗೊಂಡ. ಪಾಪ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರಲ್ಲ, ಮೇಷ್ಟ್ರಗುಣವೂ ಹಾಗೆಯೇ. ಪ್ರಬಂಧ ಕಂಡರೆ ಅವನಿಗೆ ಎದುರಿಗೆ ಯಾರಿದ್ದಾರೆ, ತಾನು ಎಲ್ಲಿ ಕೂತಿದ್ದೇನೆ ಎಂಬುದೆಲ್ಲ ಮರೆತುಹೋಗುತ್ತದೆ. ಪೆನ್ಸಿಲ್ ತೆಗೆದವನೇ ಗೀಚತೊಡಗಿದ. ನಂದಾದೀಪ ಹೋಯಿತು. ಒಡವೆ ಹೋಯಿತು. ಸೀರೆಯೂ ಹೋಯಿತು!

ಅವನು ತಲೆ ಎತ್ತಿದಾಗ ಇಡೀ ಹಾಳೆಯಲ್ಲಿ ಗೀಟು ಬೀಳದೆ ಉಳಿದಿದ್ದದ್ದು ಒಂದೇ ಸಾಲು.

ಗುರುಮಲ್ಲಪ್ಪ ಹಾಳೆ ಕಿತ್ತುಕೊಂಡು ಓದಿದರು. ಅವರ ಮುಖ ಕಪ್ಪಿಟ್ಟಿತು.

"ಇಷ್ಟುದ್ದ ಪ್ರಬಂಧದಾಗೆ ನಿಮಗೆ ಸಿಕ್ಕಿದ್ದು ಇದೊಂದೇನಾ ಮೇಷ್ಟ್ರೇ? ಹೆಣ್ಣು ನೋಡಾಕೆ ಬಂದ್ರಾ, ನಮ್ಮ ಮನೆ ಹುಳುಕು ಹುಡುಕಾಕೆ ಬಂದ್ರಾ?"

"ಹಾಗಲ್ಲ... ನಾನು... ಈ ಸಾಲು..." ಗಂಗಾಧರ ರಾಜಿಯತ್ತ ನೋಡಿದ. ಅವಳ ಕಣ್ಣಲ್ಲಿ ನೀರಿತ್ತು. ಬೇರೆಲ್ಲ ಸಮಯದಲ್ಲೂ ಅರಳು ಹುರಿದಂತೆ ಮಾತಾಡುವ ಮೇಷ್ಟ್ರಿಗೆ ಆ ಕಣ್ಣೀರಿನ ಮುಂದೆ ಒಂದು ಪದವೂ ಹುಟ್ಟಲಿಲ್ಲ.

"ಹೊರಡ್ರಿ" ಎಂದರು ಗುರುಮಲ್ಲಪ್ಪ.

*

ಅವರು ಹೋದ ಮೇಲೆ ಅಪ್ಪ ಹಾಳೆಯನ್ನು ಮುದುಡಿ ಬಚ್ಚಲ ಒಲೆಯ ಸೌದೆಯ ಮೇಲೆ ಎಸೆದರು. ಮಗಳಿಗೆ ಹೇಳಿದ್ದು ಎರಡೇ ಮಾತು.

"ಬಸವ ಜಯಂತಿ ಕಳೆದ ಮ್ಯಾಲೆ ರಾಣೆಬೆನ್ನೂರಿನೋರು ಬರ್ತಾರೆ. ಅವರ ಮುಂದೂ ಇದನ್ನೇ ಬರಿ. ಆ ಸಾಲು ಮಾತ್ರ ಬಿಟ್ಟು ಬರಿ."

ರಾಜಿಗೆ ನಾಚಿಕೆ, ಸಿಟ್ಟು, ಇನ್ನೂ ಏನೋ ಒಂದು. ಆ ಇನ್ನೂ ಏನೋ ಒಂದಕ್ಕೆ ಅವಳ ಬಳಿ ಹೆಸರಿರಲಿಲ್ಲ. ಬಹುಮಾನ ತಂದುಕೊಟ್ಟ ಮಾತುಗಳನ್ನೆಲ್ಲ ಕಳೆ ಕಿತ್ತಂತೆ ಕಿತ್ತು ಹಾಕಿದನಲ್ಲ... ಎಷ್ಟು ಸೊಕ್ಕು! ಆದರೆ ಪೆನ್ಸಿಲ್ ಹಿಡಿದು ಓದುವಾಗ ಆ ಮುಖ ಎಷ್ಟು ಶ್ರದ್ಧೆಯಿಂದ ಬಾಗಿತ್ತು. ಅವಳು ಬರೆದದ್ದನ್ನು ಅಷ್ಟು ಗಮನವಿಟ್ಟು ಈವರೆಗೆ ಯಾರೂ ಓದಿರಲಿಲ್ಲ. ಬಹುಮಾನ ಕೊಟ್ಟವರೂ ಓದಿರಲಿಲ್ಲ.

ಮಾರನೇ ದಿನ ಹಿತ್ತಿಲಲ್ಲಿ ಅವ್ವ ಸೆರಗಿನಿಂದ ಆ ಹಾಳೆಯನ್ನು ತೆಗೆದರು. ಸೌದೆಯ ಮೇಲಿಂದ ಎತ್ತಿ, ಸುಕ್ಕು ಬಿಡಿಸಿ ಇಟ್ಟುಕೊಂಡಿದ್ದರು. ನಿರ್ಮಲಮ್ಮನಿಗೆ ಓದು ಬರುತ್ತಿರಲಿಲ್ಲ.

"ಆ ಮೇಷ್ಟ್ರು ಉಳಿಸಿದ್ದು ಏನದು, ಓದು."

"ಬ್ಯಾಡವ್ವ."

"ಓದೇ."

ರಾಜಿ ತಲೆ ತಗ್ಗಿಸಿ ಓದಿದಳು. ನಿರ್ಮಲಮ್ಮ ಹಾಳೆಯನ್ನು ತಮ್ಮತ್ತ ತಿರುಗಿಸಿಕೊಂಡರು.

"ಕೆಂಪು ಗೀಟು ಹೊಡೆದಿದ್ದರಾಗೆ ಏನೇನಿತ್ತು?"

"ದೀಪ, ಒಡವೆ, ತ್ಯಾಗ... ಹಿಂಗೇ."

"ಅದ್ಯಾವುದೂ ನಾನಲ್ಲ ಬಿಡು. ಇದೊಂದು ನಾನು" ಎಂದರು ನಿರ್ಮಲಮ್ಮ, ಆ ಸಾಲಿನ ಮೇಲೆ ಬೆರಳಿಟ್ಟು. "ಈ ಮನೆಗೆ ಬಂದಾಗಿನಿಂದ ನಿಂತೇ ಉಣ್ತಾ ಇದೀನಿ. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಿನ್ನ ಕಣ್ಣಿಗೆ ಬಿತ್ತು. ಅವರು ಅದನ್ನ ಅಳಿಸಲಿಲ್ಲ. ಆ ಪುಣ್ಯಾತ್ಮನಿಗೆ ಒಳ್ಳೇದಾಗಲಿ."

"ಅವ್ವ, ಯಾಕೆ ನಿಂತ್ಕೊಂಡು ಉಣ್ತೀ?"

"ಕುಂತ್ರೆ ಯಾರಾದ್ರೂ ಕರೀತಾರೆ. ಮತ್ತೆ ಏಳಬೇಕು. ನಿಂತಿದ್ರೆ ಏಳೋ ಕೆಲಸ ಇಲ್ಲಲ್ಲ."

ಅವತ್ತು ಮಧ್ಯಾಹ್ನ ರಾಜಿ ಹೊಸ ಹಾಳೆ ತೆಗೆದಳು. ಆ ಒಂದು ಸಾಲನ್ನು ಎಲ್ಲಕ್ಕಿಂತ ಮೇಲೆ ಬರೆದಳು. ಅದರ ಕೆಳಗೆ ಬರೆಯಲು ಹೋದರೆ ನಂದಾದೀಪ ಮತ್ತೆ ಬಂದು ನಿಂತಿತು. ಹೊಡೆದು ಹಾಕಿದಳು. ಸಿಟ್ಟು ಬಂತು, ಬರೆದಳು, ಓದಿದಳು, ಸಿಟ್ಟಿನ ಮಾತೂ ಎಲ್ಲೋ ಕೇಳಿದ್ದೇ ಎನಿಸಿತು. ಅದನ್ನೂ ಹೊಡೆದಳು. ಒಂದು ಪುಟ ಸಲೀಸಾಗಿ ತುಂಬಿಸುತ್ತಿದ್ದವಳಿಗೆ ಈಗ ನಾಲ್ಕು ಸಾಲು ನಿಲ್ಲಿಸುವುದರಲ್ಲೇ ಸಾಕುಸಾಕಾಯಿತು. ವಾರಗಳು ಉರುಳಿದವು. ರಾಣೆಬೆನ್ನೂರಿನವರು ಬರುವ ಕಾಲವೂ ಹತ್ತಿರವಾಯಿತು. ಅವರ ಮುಂದೆ ಆ ಸಾಲು ಬಿಟ್ಟು ಬರೆಯುವುದು ತನ್ನಿಂದ ಆಗುವುದಿಲ್ಲ ಎಂಬುದು ರಾಜಿಗೆ ದಿನದಿನಕ್ಕೆ ಖಚಿತವಾಗುತ್ತಿತ್ತು. ಅಪ್ಪನಿಗೆ ಅದನ್ನು ಹೇಳುವುದು ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

*

ಬೇಸಿಗೆಯಲ್ಲಿ ಸೊರಬದಿಂದ ಅಕ್ಕನಾಗಮ್ಮ ಹೇಳಿ ಕಳಿಸಿದರು. ಹಪ್ಪಳ ಮಾಡಬೇಕು, ರಾಜಿಯನ್ನು ಕಳಿಸು ಎಂದು. ಅಕ್ಕನಾಗಮ್ಮ ಗುರುಮಲ್ಲಪ್ಪನವರ ಅಕ್ಕ, ಗಂಗಾಧರನ ಸಂಬಂಧ ತಂದವರೂ ಅವರೇ. ಆ ಸಿಟ್ಟು ತಮ್ಮನಿಗಿತ್ತು. ಆದರೆ ಅಕ್ಕನ ಮಾತು ತೆಗೆದುಹಾಕುವ ಎದೆಗಾರಿಕೆ ಇರಲಿಲ್ಲ.

ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಹೋಗುವಾಗ ರಾಜಿಯ ಚೀಲದಲ್ಲಿ ಆ ಹಾಳೆಗಳಿದ್ದವು. 'ಕೇಳಿಯೇ ಬಿಡುತ್ತೇನೆ. ನಮ್ಮ ಮನೆ ಮಾನ ಕಳೆಯೋಕೆ ಉಳಿಸಿದ್ದಾ ಆ ಸಾಲು ಅಂತ ಕೇಳಿಯೇ ಬಿಡುತ್ತೇನೆ' ಎಂದುಕೊಂಡಳು. ಎಂದುಕೊಂಡಾಗೆಲ್ಲ ಎದೆ ಯಾಕೆ ಹಾಗೆ ಹೊಡೆದುಕೊಳ್ಳುತ್ತದೋ ಅವಳಿಗೆ ತಿಳಿಯಲಿಲ್ಲ. ನಮಗೆ ತಿಳಿಯುತ್ತದೆ, ಇರಲಿ.

ಅತ್ತೆ ಅವಳ ಮುಖ ನೋಡಿಯೇ ಎಲ್ಲ ಅರ್ಥ ಮಾಡಿಕೊಂಡರು.

"ಆ ಮೇಷ್ಟ್ರೂ ಹಿಂಗೇ ಓಡಾಡ್ತಿದಾರೆ ಮಾರಾಯ್ತಿ, ಏನೋ ಕಳಕೊಂಡೋರ ಹಂಗೆ. ನಾಳೆ ಬರಕ್ಕೆ ಹೇಳ್ತೀನಿ. ನಿಂಗೆಂತ ಕೇಳಬೇಕೋ ಕೇಳ್ಕ."

ಮಾರನೇ ದಿನ ಬಿಸಿಲಲ್ಲಿ ಹಪ್ಪಳ ಹರವಿತ್ತು. ಕಾಗೆ ಓಡಿಸುವ ಕೋಲು ಹಿಡಿದು ಅಕ್ಕನಾಗಮ್ಮ ಅಂಗಳದಲ್ಲಿ ಬೆನ್ನು ತಿರುಗಿಸಿ ಕೂತರು. ಜಗಲಿಯಲ್ಲಿ ಇಬ್ಬರೇ. ಗಂಗಾಧರನ ಕೈಯಲ್ಲಿ ಮಡಿಸಿದ ಕಾಗದವೊಂದಿತ್ತು, ಅದನ್ನು ಎಲ್ಲಿಡುವುದೆಂದು ಗೊತ್ತಾಗದೆ ಒಮ್ಮೆ ಆ ಕೈಗೆ, ಒಮ್ಮೆ ಈ ಕೈಗೆ ಬದಲಾಯಿಸುತ್ತಿದ್ದ.

"ಕೇಳ್ರಿ" ಎಂದ.

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ರಾಜಿಗೆ ಕೈಕೊಟ್ಟಿತು. ಉಳಿದದ್ದು ಒಂದೇ.

"ಯಾಕೆ ಅದೊಂದನ್ನ ಉಳಿಸಿದ್ರಿ?"

"ಮಿಕ್ಕ ಸಾಲುಗಳನ್ನ ನಾನು ಪ್ರತಿ ವರ್ಷ ಓದ್ತೀನಿ. ಪ್ರತಿಯೊಬ್ಬ ಹುಡುಗನೂ ಅದನ್ನೇ ಬರೀತಾನೆ. ಅವು ಯಾರವೂ ಅಲ್ಲ. ಆ ಸಾಲು ನಿಮ್ಮದು. ಪ್ರಬಂಧ ಅಲ್ಲಿಂದ ಶುರುವಾಗುತ್ತೆ ಅಂತ ಹೇಳಬೇಕಿತ್ತು. ಆದರೆ ನೀವು ಅಳ್ತಿದ್ರಿ... ನಂಗೆ ಮಾತೇ ಬರಲಿಲ್ಲ. ಕೈಯೊಂದು ಮುಂದೆ ಹೋಗಿ ಅನಾಹುತ ಮಾಡಿತ್ತು."

ರಾಜಿ ನಗಬಾರದೆಂದುಕೊಂಡಳು. ತುಟಿ ಕೇಳಲಿಲ್ಲ.

"ಬೈಯೋಕೆ ಅಂತಲೇ ಬಂದೆ. ಆದರೆ ನಮ್ಮವ್ವ ನಿಮ್ಮನ್ನ ಹರಸ್ತಾಳೆ ಮೇಷ್ಟ್ರೇ. ನೀವು ಹೊಡೆದು ಹಾಕಿದ್ದೆಲ್ಲ ಅವಳಲ್ಲವಂತೆ. ಉಳಿದಿದ್ದು ಅವಳಂತೆ."

ಗಂಗಾಧರ ಮುಖ ಆಚೆ ತಿರುಗಿಸಿಕೊಂಡ.

ಅವಳು ಚೀಲದಿಂದ ಹಾಳೆ ತೆಗೆದು ಮುಂದಿಟ್ಟಳು. "ಅಲ್ಲಿಂದಲೇ ಶುರು ಮಾಡಿದೀನಿ. ತಿದ್ರಿ."

ಅವನ ಕೈ ಜೇಬಿಗೆ ಹೋಯಿತು, ಅರ್ಧದಲ್ಲೇ ನಿಂತಿತು.

"ಹೆದರಬ್ಯಾಡ್ರಿ. ಈ ಸಲ ಅಳಲ್ಲ."

"ಹಂಗಾದ್ರೆ ನೀವೇ ಗಟ್ಟಿಯಾಗಿ ಓದಿ. ನಾಲಿಗೆ ಎಲ್ಲಿ ತಡವರಿಸುತ್ತೋ ಅಲ್ಲಿ ನಿಲ್ಲಿಸಿ. ನಾವು ಪೂರ್ತಿ ಯೋಚನೆ ಮಾಡದೇ ಇರೋ ಜಾಗ ಸಾಮಾನ್ಯ ಅದೇ ಆಗಿರುತ್ತೆ."

"ಯೋಚನೆ ಮಾಡಿ ಆಮೇಲೆ ಬರೀಬೇಕು ಅಂತ ನಮ್ಮ ಶಾಲೇಲಿ ಹೇಳ್ತಿದ್ರು."

"ಹೇಳ್ತಾರೆ. ನಂಗಂತೂ ಬರೆದು, ಅಳಿಸಿ, ಮತ್ತೆ ಬರೆದು ನೋಡೋ ತನಕ ನಾನು ಏನು ಯೋಚನೆ ಮಾಡ್ತಿದೀನಿ ಅಂತಲೇ ಗೊತ್ತಾಗಲ್ಲ."

ರಾಜಿ ಓದಿದಳು. 'ಅವ್ವ ಕೂತರೆ ಎಲ್ಲರೂ ಅವಳನ್ನು ಕರೆಯುತ್ತಾರೆ...' ಅಲ್ಲಿ ಅವಳ ದನಿ ಜಾರಿತು.

"ಎಲ್ಲರೂ ಅಂದ್ರೆ ಯಾರು?" ಎಂದು ಕೇಳಿದ ಗಂಗಾಧರ, ಮೆಲ್ಲಗೆ.

"ಅಪ್ಪ. ಮನೆಗೆ ಬಂದ ನೆಂಟರು."

"ಇನ್ನ್ಯಾರು?"

ಅವಳು ಬಾಯಿ ತೆರೆದಳು, ಮುಚ್ಚಿದಳು. ಮೊನ್ನೆ ಮೊನ್ನೆ ಊಟದ ಕೊನೆಗೆ 'ಅವ್ವ, ಮಜ್ಜಿಗೆ' ಎಂದು ಕೂಗಿದ ದನಿ ಕಿವಿಯಲ್ಲಿ ಕೇಳಿಸಿತು. ಅದು ಅಪ್ಪನದಲ್ಲ.

"...ನಾನು" ಎಂದಳು.

ಗಂಗಾಧರ ಜೇಬಿನಿಂದ ಪೆನ್ಸಿಲ್ ತೆಗೆದು ಅವಳ ಕಡೆ ಸರಿಸಿದ. ರಾಜಿ 'ಎಲ್ಲರೂ' ಎಂಬುದರ ಮೇಲೆ ತಾನೇ ಗೀಟು ಎಳೆದಳು. ಕಣ್ಣು ತುಂಬಿತ್ತು, ಆದರೆ ಮನಸ್ಸು ಹಗುರವಾಗಿತ್ತು. ಇಷ್ಟು ದಿನ ಯಾರ ಮೇಲೋ ಹೊರಿಸಿ ಬರೆಯುತ್ತಿದ್ದೆ, ಅದಕ್ಕೇ ಸಾಲು ನಿಲ್ಲುತ್ತಿರಲಿಲ್ಲ ಎಂದು ಈಗ ತಿಳಿಯಿತು. ಬೈಯದೆ, ಬುದ್ಧಿ ಹೇಳದೆ, ಒಂದು ಪ್ರಶ್ನೆ ಕೇಳಿ ತನ್ನನ್ನು ತನಗೆ ತೋರಿಸಿದ ಈ ಮನುಷ್ಯನಿಗೆ ಹೇಗೆ ಕೃತಜ್ಞತೆ ಹೇಳುವುದು? ಶಾಲೆಯಲ್ಲಿ ಕಲಿತ ಯಾವ ಮಾತೂ ಸಾಲದಾಯಿತು.

"ನಿಮ್ಮ ಕೈಯಾಗೆ ಇರೋದೇನು?" ಎಂದು ಕೇಳಿದಳು.

ಅವನು ಕೆಂಪಾದ. "ನಿಮ್ಮ ತಂದೆಯವರಿಗೆ ಕ್ಷಮೆ ಕೇಳಿ ಬರೆದೆ. ಕಳಿಸೋ ಧೈರ್ಯ ಬರಲಿಲ್ಲ."

"ಕೊಡ್ರಿ."

ಓದುತ್ತಾ ಹೋದಂತೆ ಅವಳ ಹುಬ್ಬು ಮೇಲೇರಿತು. "ಮಹನೀಯರಾದ ತಮ್ಮ ದಿವ್ಯ ಪಾದಾರವಿಂದಗಳಲ್ಲಿ... ಮೇಷ್ಟ್ರೇ, ಇದು ಯಾರದು?"

"ಯಾರದೂ ಅಲ್ಲ" ಎಂದ, ತಲೆ ಕೆಳಗೆ ಹಾಕಿ.

ಕೆಂಪು ಪೆನ್ಸಿಲ್ ಅವಳ ಕೈಯಲ್ಲೇ ಇತ್ತು. ಪಾದಾರವಿಂದ ಹೋಯಿತು. ಮಹನೀಯರು ಹೋದರು. ಬಾಲಕನ ಅಪರಾಧವನ್ನು ಮನ್ನಿಸುವ ಕರುಣಾಸಾಗರವೂ ಹೋಯಿತು. ಕೊನೆಯಲ್ಲಿ ಅವಳ ಕೈ ತಾನಾಗಿ ನಿಂತಿತು.

'ಅವತ್ತು ಮನೆಗೆ ಬಂದು, ನನ್ನ ತಾಯಿ ಉಣ್ಣುವುದನ್ನು ನಾನು ಮೊದಲ ಸಲ ನೋಡಿದೆ.'

ಅವಳು ಅದನ್ನು ಎರಡು ಸಲ ಓದಿದಳು.

"ಹೆಂಗೆ ಉಣ್ತಾರೆ?"

"ಪಾತ್ರೆಯಲ್ಲೇ. ಉಳಿದಿದ್ದನ್ನ ಅಲ್ಲೇ ಕಲೆಸಿಕೊಂಡು, ಇನ್ನೊಂದು ತಟ್ಟೆ ಯಾಕೆ ತೊಳೀಬೇಕು ಅಂತ... ನಮ್ಮೂರು ಉಳವಿಯಿಂದ ಅವಳನ್ನ ನಾನೇ ಕರ್ಕೊಂಡು ಬಂದು ನೋಡ್ಕೋತಿದೀನಿ ಅಂತ ಹೆಮ್ಮೆ ಪಡ್ತಿದ್ದೆ. ನಿಮ್ಮ ಸಾಲು ಓದಿದ ಮೇಲೇ ಕಣ್ಣಿಗೆ ಬಿತ್ತು. ನಿಮ್ಮಿಂದ."

ರಾಜಿ ಕಾಗದ ಮಡಿಸಿದಳು. "ಅಪ್ಪನಿಗೆ ಇದೊಂದು ಸಾಲು ಬರೆದು ಕೊಡ್ರಿ. ನಾನೇ ಒಯ್ತೀನಿ."

"ಒಂದೇ ಸಾಲಾ?"

"ಒಂದೇ ಸಾಲು."

ಅಂಗಳದಲ್ಲಿ ಅಕ್ಕನಾಗಮ್ಮ ಇಲ್ಲದ ಕಾಗೆಗೆ ಕೋಲು ಬೀಸಿದರು.

*

ಶಿಕಾರಿಪುರಕ್ಕೆ ಮರಳಿದ ಸಂಜೆ, ಊಟಕ್ಕೆ ಮುಂಚೆ, ರಾಜಿ ಅಪ್ಪನ ಎದುರು ನಿಂತಳು. ಕೈಯಲ್ಲಿ ಹಾಳೆಯಿತ್ತು.

"ಅಪ್ಪ, ರಾಣೆಬೆನ್ನೂರಿನೋರ ಮುಂದೆ ನಾನು ಬರೆಯೋದು ಇದು. ಮೊದಲು ನೀವು ಕೇಳ್ರಿ."

'ನಮ್ಮ ಅವ್ವ ಎಲ್ಲರ ಊಟವಾದ ಮೇಲೆ ಒಲೆಯ ಪಕ್ಕ ನಿಂತುಕೊಂಡೇ ಉಣ್ಣುತ್ತಾಳೆ. ಯಾಕೆ ಎಂದು ಕೇಳಿದೆ. ಕೂತರೆ ಯಾರಾದರೂ ಕರೆಯುತ್ತಾರೆ ಎಂದಳು. ಅಪ್ಪ ಉಪ್ಪು ಕೇಳುತ್ತಾರೆ. ನೆಂಟರು ಇನ್ನೊಂದು ರೊಟ್ಟಿ ಕೇಳುತ್ತಾರೆ. ನಾನು ಮಜ್ಜಿಗೆ ಕೇಳುತ್ತೇನೆ. ಮಜ್ಜಿಗೆ ಗಡಿಗೆ ಎಲ್ಲಿದೆ ಎಂದು ನನಗೆ ಗೊತ್ತು. ನಾವು ಯಾರೂ ಕೆಟ್ಟವರಲ್ಲ. ನಮ್ಮ ಅಪ್ಪ ಹಸಿದವರಿಗೆ ಇಲ್ಲ ಎಂದದ್ದನ್ನು ನಾನು ನೋಡಿಲ್ಲ. ಅವ್ವನಿಗೂ ಹಸಿವಾಗುತ್ತದೆ ಎಂಬುದು ನಮಗೆ ಹೊಳೆದಿಲ್ಲ, ಅಷ್ಟೆ. ಆದರ್ಶ ಗೃಹಿಣಿ ಹೇಗಿರಬೇಕೆಂದು ನನಗೆ ಗೊತ್ತಿಲ್ಲ. ನಮ್ಮ ಅವ್ವ ಕೂತು ಉಣ್ಣಬೇಕೆಂದು ಗೊತ್ತು.'

ಆಮೇಲೆ ಗಂಗಾಧರನ ಕಾಗದ ಕೊಟ್ಟಳು. ಒಂದೇ ಸಾಲು. ಗುರುಮಲ್ಲಪ್ಪ ಅದನ್ನು ಓದಲು ಬಹಳ ಹೊತ್ತು ತಗೊಂಡರು.

ಅವರು ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿ ಅವರ ಮಣೆ ಹಾಕಿತ್ತು, ತಟ್ಟೆ ಇಟ್ಟಿತ್ತು. ಅವರು ಕೂರಲಿಲ್ಲ.

"ಇನ್ನೊಂದು ಮಣೆ ಹಾಕು" ಎಂದರು ಹೆಂಡತಿಗೆ.

"ಯಾರ್ ಬರ್ತಾರ್ರೀ?"

"ಯಾರೂ ಇಲ್ಲ. ನೀನು ಕುಂದ್ರು."

ನಿರ್ಮಲಮ್ಮ ಗೋಡೆ ಹಿಡಿದುಕೊಂಡರು. "ರೊಟ್ಟಿ ಬಡಿಯೋರು ಯಾರು?"

"ನಾನದೀನಲ್ಲವ್ವ" ಎಂದಳು ರಾಜಿ.

ಅವ್ವ ಕೂತರು. ಒಂದು ಸಲ ನೀರು ತರಲು ಎದ್ದರು, ಗುರುಮಲ್ಲಪ್ಪ ಸುಮ್ಮನೆ ಚೊಂಬು ತಂದು ಪಕ್ಕದಲ್ಲಿಟ್ಟರು. ರಾಜಿ ಹಂಚಿನಿಂದ ತೆಗೆದ ರೊಟ್ಟಿಯನ್ನು ನೇರ ಅವ್ವನ ತಟ್ಟೆಗೆ ಹಾಕಿದಳು. ನಿರ್ಮಲಮ್ಮ ಅದನ್ನು ಮುರಿದರು. ಹಬೆ ಎದ್ದಿತು.

"ಬಿಸಿ ರೊಟ್ಟಿ ಹಿಂಗಿರ್ತದೆ ಅನ್ನೋದೇ ಮರೆತು ಹೋಗಿತ್ತು" ಎಂದರು ಅವರು, ಯಾರಿಗೂ ಅಲ್ಲದಂತೆ.

ಗುರುಮಲ್ಲಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಊಟ ಮುಗಿಯುವ ಹೊತ್ತಿಗೆ ಮಾತ್ರ ಗಂಟಲು ಸರಿ ಮಾಡಿಕೊಂಡರು.

"ರಾಜಿ, ರಾಣೆಬೆನ್ನೂರಿನೋರಿಗೆ ಬರೋದು ಬ್ಯಾಡ ಅಂತ ಹೇಳಿ ಕಳಿಸ್ತೀನಿ. ಆ ಮೇಷ್ಟ್ರಿಗೆ... ಅವರ ತಾಯೀನೂ ಕರ್ಕೊಂಡು ಬರಾಕೆ ಹೇಳು."

*

ಗಂಗಾಧರ ಎರಡನೇ ಸಲ ಬಂದಾಗ ಜೊತೆಯಲ್ಲಿ ಸೋದರಮಾವ ಇರಲಿಲ್ಲ. ಅವನ ತಾಯಿ ಹುಚ್ಚಮ್ಮ ಬಂದಿದ್ದರು. ಬಂದವರೇ ಅಡುಗೆಮನೆಗೆ ಹೋಗಿ ನಿರ್ಮಲಮ್ಮನ ಜೊತೆ ಮಾತಿಗೆ ಕೂತರು. ಗುರುಮಲ್ಲಪ್ಪ ಮಂಡಿಯಲ್ಲಿ ಏನೋ ಕೆಲಸವಿದೆ ಎಂದು ಹೋದರು. ಕೆಲಸವೇನೂ ಇರಲಿಲ್ಲ.

ಪಡಸಾಲೆಯಲ್ಲಿ ಅದೇ ಜಾಗ, ಅದೇ ಚಾಪೆ.

"ಈ ಸಲ ನಾನು ಬರ್ಕೊಂಡು ಬಂದಿದೀನಿ" ಎಂದ ಗಂಗಾಧರ.

"ಎಷ್ಟು ಪುಟ?"

"ಶುರುವಲ್ಲಿ ಬಹಳ ಇತ್ತು. ತಿದ್ದಿ ತಿದ್ದಿ ಒಂದೇ ಮಾತು ಉಳೀತು. ಅದಕ್ಕೆ ಹಾಳೆ ತಂದಿಲ್ಲ. ಹೇಳ್ಲಾ?"

ರಾಜಿ ತಲೆಯಾಡಿಸಿದಳು.

"ನಂಗೆ ನೀವು ಬೇಕು."

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಅವನಿಗೆ ಬೆವರಿತು.

"ತಪ್ಪಿದ್ರೆ ಹೇಳಿ, ಹೊಡೆದು ಹಾಕ್ತೀನಿ..."

"ಹೊಡೆಯೋಕೆ ಏನೈತೆ ಇದರಾಗೆ" ಎಂದಳು ರಾಜಿ. "ಇದನ್ನ ಇಟ್ಕೋತೀನಿ. ನನ್ನದೂ ಒಂದೇ ಮಾತು. ಅವತ್ತು ನೀವು ಅಷ್ಟನ್ನೂ ಗೀಚಿ ಹಾಕದೇ ಇದ್ದಿದ್ರೆ ನಾನು ಜನ್ಮಪೂರ್ತಿ ನಂದಾದೀಪ ಅಂತಲೇ ಬರೀತಿದ್ದೆ. ನಿಮಗೆ ಋಣಿ ನಾನು."

"ನಾನೂ" ಎಂದ ಅವನು. ಇನ್ನೂ ಏನೋ ಹೇಳುವವನಿದ್ದ.

ಅಷ್ಟರಲ್ಲಿ ಅಡುಗೆಮನೆಯಿಂದ ನಿರ್ಮಲಮ್ಮನ ದನಿ ಬಂತು. ಆ ಮನೆಯಲ್ಲಿ ಆ ದನಿ ಹಾಗೆ ಕೂಗಿದ್ದನ್ನು ಈವರೆಗೆ ಯಾರೂ ಕೇಳಿರಲಿಲ್ಲ.

"ರಾಜೀ, ನಾವಿಬ್ಬರೂ ಕುಂತಿದೀವಿ. ಬಂದು ಬಡಿಸು."

ಗಂಗಾಧರನೂ ಎದ್ದು ನಿಂತ. "ತಟ್ಟೆ ಎಲ್ಲಿಟ್ಟಿರ್ತೀರಿ?"

"ಬರ್ರಿ" ಎಂದಳು ರಾಜಿ, "ತೋರಿಸ್ತೀನಿ."